ಆಕಾಶದಲ್ಲಿ ದಾರಿ ಹೇಳುವವರು ಯಾರು?

ಮಗಳನ್ನೋ ಮಗನನ್ನೋ ಪರದೇಶದ ವಿಮಾನ ಹತ್ತಿಸಿ ಬಂದ ರಾತ್ರಿ ನಿದ್ದೆ ಹತ್ತಿರ ಸುಳಿಯುವುದಿಲ್ಲ. ‘ಅಷ್ಟೆತ್ತರದಲ್ಲಿ ದಾರಿ ಹೇಳೋರು ಯಾರಪ್ಪಾ?’ ಎಂದು ಜೀವ ಹೊಯ್ದಾಡುತ್ತದೆ. ಹೇಳುವವರಿದ್ದಾರೆ, ಸೋದರಿಯರೇ. ಅದೂ ಒಬ್ಬರಲ್ಲ, ಒಬ್ಬರಾದ ಮೇಲೊಬ್ಬರು.

ಮದುವೆ ಮನೆಯನ್ನೇ ನೆನೆಯಿರಿ. ಉಗ್ರಾಣಕ್ಕೊಬ್ಬರು, ಅಡಿಗೆಗೊಬ್ಬರು, ಪಂಕ್ತಿಗೊಬ್ಬರು. ಎಲ್ಲರೂ ಒಂದೇ ಕೋಣೆಯಲ್ಲಿ ನಿಂತು ಕೂಗಿದರೆ ಯಾರ ಮಾತು ಯಾರಿಗೆ ಕೇಳೀತು? ವಿಮಾನ ನಿಲ್ದಾಣದಲ್ಲೂ ಹಾಗೇ. ಒಂದೊಂದು ಕೆಲಸಕ್ಕೆ ಒಂದೊಂದು ರೇಡಿಯೋ ಕಂಪನಾಂಕ. ನಿಮ್ಮ ರೇಡಿಯೋದಲ್ಲಿ ಎಫ್.ಎಂ. ಕೇಂದ್ರಗಳು 88ರಿಂದ 108 ಮೆಗಾಹರ್ಟ್ಸ್ ಒಳಗೆ ಸಿಗುತ್ತವಲ್ಲ? ಅದಕ್ಕಿಂತ ತುಸು ಮೇಲೆ, 118ರಿಂದ 137ರವರೆಗಿನ ಜಾಗ ವಿಮಾನದವರ ಮಾತಿಗೇ ಮೀಸಲು.

ದೊಡ್ಡ ನಿಲ್ದಾಣಗಳಲ್ಲಿ ಮೊದಲು ‘ಡೆಲಿವರಿ’ಯವರು ಹೋಗಬೇಕಾದ ಮಾರ್ಗಕ್ಕೆ ಒಪ್ಪಿಗೆ ಕೊಡುತ್ತಾರೆ. ನೆಲದ ಮೇಲಿನ ಓಡಾಟ ‘ಗ್ರೌಂಡ್’ನವರದು. ಏರಲು, ಇಳಿಯಲು ಅಪ್ಪಣೆ ‘ಟವರ್’ನವರದು. ನಿಲ್ದಾಣದ ಸುತ್ತಲಿನ ಆಕಾಶ ‘ಅಪ್ರೋಚ್’ನವರ ಪಾಲು, ದೂರದ ದಾರಿ ‘ಏರಿಯಾ ಕಂಟ್ರೋಲ್’ನವರ ಪಾಲು. ಒಬ್ಬರು ತಮ್ಮ ಸರದಿ ಮುಗಿದೊಡನೆ ಮುಂದಿನವರ ಸಂಖ್ಯೆ ಹೇಳುತ್ತಾರೆ. ಪೈಲಟ್ ಅದನ್ನು ತಿರುಗಿ ಹೇಳಿ, ಆ ಸಂಖ್ಯೆಗೆ ರೇಡಿಯೋ ತಿರುಗಿಸುತ್ತಾನೆ. ಐದು, ಒಂಬತ್ತು ಕಿವಿಗೆ ಒಂದೇ ಥರ ಕೇಳಬಾರದೆಂದು ‘ನೈನ್’ ಅನ್ನುವುದಿಲ್ಲ, ‘ನೈನರ್’ ಅನ್ನುತ್ತಾರೆ! ಆಪತ್ತಿಗೆಂದು 121.5 ಎಂಬ ಸಂಖ್ಯೆ ಲೋಕಕ್ಕೆಲ್ಲ ಒಂದೇ.

ಇಷ್ಟೊಂದು ಕಟ್ಟುನಿಟ್ಟು ಏಕೆ ಅನ್ನುತ್ತೀರಾ? ಒಂದು ಕಂಪನಾಂಕದಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತನಾಡಬೇಕು. ಇಬ್ಬರು ಒಟ್ಟಿಗೆ ಮಾತನಾಡಿದರೆ ಕೇಳುವವರಿಗೆ ಬರೀ ಕೀರಲು ಸದ್ದು. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರೀಫ್ ದ್ವೀಪದಲ್ಲಿ ಆದದ್ದೂ ಇದೇ. ದಟ್ಟ ಮಂಜು. ಒಂದೇ ಓಡುದಾರಿಯಲ್ಲಿ ಎರಡು ಜಂಬೋ ವಿಮಾನಗಳು. ಒಂದರ ಕ್ಯಾಪ್ಟನ್ ಅಪ್ಪಣೆ ಸಿಗುವ ಮೊದಲೇ ಹೊರಟುಬಿಟ್ಟ. ‘ತಡೆಯಿರಿ’ ಎಂದು ಟವರ್, ‘ನಾವಿನ್ನೂ ದಾರಿಯಲ್ಲೇ ಇದ್ದೇವೆ’ ಎಂದು ಇನ್ನೊಂದು ವಿಮಾನ, ಎರಡೂ ಒಂದೇ ಕ್ಷಣದಲ್ಲಿ ನುಡಿದವು. ಹೊರಟಿದ್ದ ವಿಮಾನಕ್ಕೆ ಆ ಮಾತುಗಳು ಸರಿಯಾಗಿ ಕೇಳಲೇ ಇಲ್ಲ. 583 ಜೀವಗಳು ಹೋದವು.

ಆಮೇಲೆ ಮಾತಿನ ನಿಯಮ ಬಿಗಿಯಾಯಿತು. ‘ಟೇಕ್ ಆಫ್’ ಎಂಬ ಪದವನ್ನು ಆ ಅಪ್ಪಣೆ ಕೊಡುವಾಗ, ಇಲ್ಲವೇ ಹಿಂತೆಗೆದುಕೊಳ್ಳುವಾಗ ಮಾತ್ರ ಬಳಸಬೇಕು. ಮುಖ್ಯವಾದ ಅಪ್ಪಣೆಯನ್ನು ಕೇಳಿದವರು ತಿರುಗಿ ಹೇಳಲೇಬೇಕು. ಬರೀ ‘ಆಯ್ತು’ ಅಂದರೆ ಸಾಲದು.

ಈ ಪಾಠ ನಮ್ಮ ಮನೆಗೂ ಬೇಕು. ಡಾಕ್ಟರು ಫೋನಿನಲ್ಲಿ ಮಗುವಿನ ಔಷಧಿಯ ಪ್ರಮಾಣ ಹೇಳಿದಾಗ ‘ಹ್ಞೂಂ’ ಎಂದು ಇಟ್ಟುಬಿಡಬೇಡಿ. ಎಷ್ಟು ಹನಿ, ದಿನಕ್ಕೆ ಎಷ್ಟು ಸಲ ಎಂದು ನೀವೊಮ್ಮೆ ತಿರುಗಿ ಹೇಳಿ, ‘ಸರಿ’ ಅನ್ನಿಸಿಕೊಳ್ಳಿ. ಮಗಳ ವಿಮಾನವನ್ನು ದಡ ಮುಟ್ಟಿಸುವುದೂ ಇಂಥದೇ ಎಚ್ಚರ.