ಓಡುವ ಮನೆಯ ಮಾಡಿನ ಮೇಲೆ

ಮನೆಯ ಮಾಡಿನ ಮೇಲೆ ಸೌರಫಲಕವನ್ನು ಕೂರಿಸುವವರಿಗೆ ಒಂದು ನೆಮ್ಮದಿಯುಂಟು. ಮನೆ ಕದಲುವುದಿಲ್ಲ. ಬಿಸಿಲು, ಮಳೆ, ಧೂಳುಗಳನ್ನು ತಾಳಿಕೊಂಡರೆ ಫಲಕದ ಕೆಲಸ ಮುಗಿಯಿತು. ಆದರೆ ಕಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಪುಟ್ಟ ಮನೆಯೊಂದಿದ್ದು, ಅದರ ಮಾಡಿನ ಮೇಲೆ ಫಲಕವಿದ್ದರೆ ಸಂಗತಿ ಬೇರೆಯಾಗುತ್ತದೆ. ಗಂಟೆಗೆ ನೂರು ಕಿಲೋಮೀಟರ್ ವೇಗದ ಗಾಳಿ, ಹಳ್ಳದಿಣ್ಣೆಗಳ ಕುಲುಕಾಟ, ಕಾದ ಮಾಡಿನ ಝಳ, ತಗ್ಗಿದ ಕೊಂಬೆಯ ಪೆಟ್ಟು, ಇಷ್ಟನ್ನೂ ಅದು ಸಹಿಸಬೇಕು. ಅಮೆರಿಕದವರು ಟ್ರೈಲರ್ ಎಂದೂ ಇಂಗ್ಲೆಂಡ್, ಆಸ್ಟ್ರೇಲಿಯಗಳವರು ಕ್ಯಾರವಾನ್ ಎಂದೂ ಕರೆಯುವ ಇಂಥ ಮನೆಗಳಿಗೆ ಬಾಳಿಕೆ ಬರುವ ಫಲಕವನ್ನು ಆರಿಸುವುದು ಹೇಗೆಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಹೇಳುವ ಅರ್ಹತೆ ನನಗೆ ಬಂದದ್ದು, ಒಮ್ಮೆ ತಪ್ಪಾಗಿ ಆರಿಸಿದ್ದರಿಂದ.

ನನ್ನ ಮಗಳು, ಅಳಿಯ ಅಮೆರಿಕದ ಅರಿಜೋನ ರಾಜ್ಯದಲ್ಲಿ ನೆಲಸಿದ್ದಾರೆ. ಅವರಿಗೊಂದು ಸಣ್ಣ ಟ್ರೈಲರ್ ಇದೆ. ಅದಕ್ಕೆ ಫಲಕ ಕೊಳ್ಳುವ ಮಾತು ಬಂದಾಗ ಅಳಿಯಂದಿರು, "ನೀವು ಹೇಳಿದ್ದೇ ಆಗಲಿ ಮಾವ, ನಿಮಗಿಂತ ತಿಳಿದವರು ಯಾರು?" ಎಂದರು. ನಾನು ವಿದ್ಯುತ್ ಎಂಜಿನಿಯರಿಂಗ್ ಪಾಠ ಹೇಳಿ ನಿವೃತ್ತನಾದವನು. ಆ ಗೌರವವೇ ನನ್ನನ್ನು ಕೆಡಿಸಿತು. ಕಾಗದದಂತೆ ಬಾಗುವ, ಎತ್ತಿದರೆ ಎರಡು ಕಿಲೋಗ್ರಾಮೂ ತೂಗದ ತೆಳುಫಲಕಗಳೆರಡನ್ನು ಆರಿಸಿ, ಮಾಡಿಗೆ ಅಂಟಿನಿಂದ ನೇರವಾಗಿ ಅಂಟಿಸಿಬಿಡಿ ಎಂದೆ. ಮಾಡಿಗೆ ತೂತು ಕೊರೆಯಬೇಕಿಲ್ಲ, ತೂಕ ಏರುವುದಿಲ್ಲ, ಗಾಳಿಗೆ ಸಿಕ್ಕುವುದಿಲ್ಲ ಎಂದು ಮೂರು ಕಾರಣಗಳನ್ನೂ ಕೊಟ್ಟೆ. ಮೂರೂ ನಿಜ. ಆದರೂ ಆಯ್ಕೆ ತಪ್ಪಾಗಿತ್ತು.

ಎರಡನೆಯ ಬೇಸಗೆಯ ಜೂನ್ ತಿಂಗಳಲ್ಲಿ ನಾವು ಯೂಟಾ ರಾಜ್ಯದ ಮೋಆಬ್ ಊರಿನಿಂದಾಚೆಗೆ, ಕೆಂಪು ಕಲ್ಲುಬೆಟ್ಟಗಳ ನಡುವೆ, ಸರ್ಕಾರಿ ಭೂಮಿಯಲ್ಲಿ ಬಿಡಾರ ಹೂಡಿದ್ದೆವು. ಅಂಥ ಸ್ಥಳಗಳಲ್ಲಿ ವಿದ್ಯುತ್ ಸಂಪರ್ಕವಾಗಲಿ ನಲ್ಲಿಯಾಗಲಿ ಇರುವುದಿಲ್ಲ. ಏಣಿಯ ಮೆಟ್ಟಿಲುಗಳಂತೆ ಸಾಲುಸಾಲಾಗಿ ಉಬ್ಬೆದ್ದ ಮಣ್ಣಿನ ರಸ್ತೆಯಲ್ಲಿ ಹಲ್ಲು ಕಟಕಟಿಸುತ್ತ ಅಲ್ಲಿಗೆ ತಲಪಿದ್ದೆವು. ನನ್ನ ಪತ್ನಿಗೆ ಮಧುಮೇಹ. ಮೂರು ತಿಂಗಳಿಗಾಗುವಷ್ಟು ಇನ್ಸುಲಿನ್ ಟ್ರೈಲರಿನ ಚಿಕ್ಕ ಫ್ರಿಜ್ಜಿನಲ್ಲಿತ್ತು. ಒಡೆಯದ ಇನ್ಸುಲಿನ್ ಶೀಷೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕೆಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ಎರಡನೆಯ ದಿನ ಮಧ್ಯಾಹ್ನ ಫ್ರಿಜ್ಜು ನಿಂತಿತು. ಬ್ಯಾಟರಿ ಬರಿದಾಗಿತ್ತು. ಹೊರಗೆ ಮೂವತ್ತೈದು ಡಿಗ್ರಿಗೂ ಮೀರಿದ ಬಿಸಿಲು, ಫಲಕದಿಂದ ಮಾತ್ರ ಬರಬೇಕಾದುದರ ಕಾಲುಭಾಗವೂ ಬರುತ್ತಿರಲಿಲ್ಲ. ಅಳಿಯಂದಿರು ಏಣಿ ಹತ್ತಿ ನೋಡಿ, ಕೆಳಗಿಳಿದು ಏನೂ ಹೇಳದೆ ನನ್ನ ಕಡೆ ನೋಡಿದರು. ಒಂದು ಫಲಕದ ಮೇಲ್ಮೈಯಲ್ಲಿ ರೂಪಾಯಿಯಗಲದ ಸುಟ್ಟ ಕಲೆಯಿತ್ತು. ಇನ್ನೊಂದರ ಪ್ಲಾಸ್ಟಿಕ್ ಹೊದಿಕೆ ಹಳದಿಯಾಗಿ ಗುಳ್ಳೆಯೆದ್ದಿತ್ತು. ಅವರು ಮೋಆಬಿಗೆ ಹೋಗಿ ಮಂಜುಗಡ್ಡೆ ತಂದರು. ಶೀಷೆಗಳು ಮಂಜಿಗೆ ತಾಗಿ ಹೆಪ್ಪುಗಟ್ಟಿದರೂ ಔಷಧ ಕೆಡುವುದರಿಂದ ಅವನ್ನು ಟವೆಲಿನಲ್ಲಿ ಸುತ್ತಿ ಇಟ್ಟು, ಮರುದಿನವೇ ಹಿಂದಿರುಗಿದೆವು. ನನ್ನ ಪತ್ನಿ ಆ ವಿಷಯವಾಗಿ ಇಂದಿನವರೆಗೂ ಒಂದು ಮಾತನ್ನೂ ಆಡಿಲ್ಲ. ಆಡಿದ್ದರೆ ವಾಸಿಯಿತ್ತು.

ಏನಾಗಿತ್ತು? ಇದನ್ನು ತಿಳಿಯಲು ಸೌರಕೋಶದ ಸ್ವಭಾವವನ್ನು ಸ್ವಲ್ಪ ಅರಿಯಬೇಕು. ಸಿಲಿಕಾನಿನ ಉಪಯುಕ್ತ ಸೌರಕೋಶವನ್ನು ಅಮೆರಿಕದ ಬೆಲ್ ಪ್ರಯೋಗಶಾಲೆ ಲೋಕಕ್ಕೆ ತೋರಿಸಿದ್ದು 1954ರಲ್ಲಿ. ನಾಲ್ಕೇ ವರ್ಷಗಳಲ್ಲಿ, 1958ರ ಮಾರ್ಚಿನಲ್ಲಿ, ವ್ಯಾನ್‌ಗಾರ್ಡ್ 1 ಎಂಬ ಪುಟ್ಟ ಉಪಗ್ರಹ ಅಂಥ ಕೋಶಗಳನ್ನು ಹೊತ್ತು ಅಂತರಿಕ್ಷಕ್ಕೇರಿತು. ಅದರ ರಾಸಾಯನಿಕ ಬ್ಯಾಟರಿ ಬೇಗನೆ ಮುಗಿದುಹೋಯಿತು, ಸೌರಕೋಶಗಳ ಬಲದಿಂದ ನಡೆದ ಪ್ರೇಷಕ ಮಾತ್ರ 1964ರವರೆಗೆ ದನಿಗೊಟ್ಟಿತು. ಅಂತರಿಕ್ಷದಲ್ಲಿ ಆರು ವರ್ಷ ಬಾಳಿದ ವಸ್ತು ಯೂಟಾದ ರಸ್ತೆಯಲ್ಲಿ ಎರಡು ವರ್ಷಕ್ಕೆ ಸೋಲಬೇಕೆ? ಸೋತದ್ದು ಸಿಲಿಕಾನಿನ ಗುಣವಲ್ಲ. ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುವಾಗ ಕೋಶದೊಳಗೆ ಸವೆಯುವುದು ಏನೂ ಇಲ್ಲ. ಒಳ್ಳೆಯ ಫಲಕ ವರ್ಷಕ್ಕೆ ಶೇಕಡ ಅರ್ಧದಷ್ಟು ಶಕ್ತಿಯನ್ನು ಕಳೆದುಕೊಂಡೀತು, ಅಷ್ಟೆ. ಕೆಡುವುದು ಕೋಶವನ್ನು ಹಿಡಿದಿಟ್ಟ ಪರಿವಾರ: ಹೊದಿಕೆ, ಅಂಟು, ಬೆಸುಗೆ, ತಂತಿ, ಚೌಕಟ್ಟು. ಬಾಳಿಕೆಯನ್ನು ಹುಡುಕುವವನು ನೋಡಬೇಕಾದದ್ದು ಇವುಗಳನ್ನು.

ಇಂದಿನ ಸೌರಕೋಶದ ದಪ್ಪ ಒಂದು ಮಿಲಿಮೀಟರಿನ ಆರನೆಯ ಒಂದು ಭಾಗದ ಆಸುಪಾಸು. ಹಪ್ಪಳಕ್ಕಿಂತ ತೆಳು, ಹಪ್ಪಳದಷ್ಟೇ ಭಿದುರ. ಹನ್ನೆರಡು ವೋಲ್ಟಿನ ಬ್ಯಾಟರಿಯನ್ನು ತುಂಬಬೇಕಾದ ಫಲಕದಲ್ಲಿ ಸಾಮಾನ್ಯವಾಗಿ ಇಂಥ 36 ಕೋಶಗಳು, ಒಂದೊಂದೂ ಅರ್ಧ ವೋಲ್ಟಿನಂತೆ, ಸರಪಳಿಯ ಕೊಂಡಿಗಳ ಹಾಗೆ ಒಂದರ ಹಿಂದೆ ಒಂದು ಸೇರಿರುತ್ತವೆ. ಫಲಕ ಬಾಗಿದಾಗ, ಅದುರಿದಾಗ, ಅದರ ಮೇಲೆ ಯಾರಾದರೂ ಮೊಣಕಾಲೂರಿದಾಗ ಕೋಶದಲ್ಲಿ ಕಣ್ಣಿಗೆ ಕಾಣದ ಬಿರುಕು ಮೂಡುತ್ತದೆ. ಬಿರುಕು ಬಿಟ್ಟ ಕೋಶ ಉಳಿದವುಗಳಷ್ಟು ವಿದ್ಯುತ್ ಪ್ರವಾಹವನ್ನು ಕೊಡಲಾರದು, ಆದರೆ ಸರಪಳಿಯಲ್ಲಿ ಇರುವುದರಿಂದ ಉಳಿದವು ತಮ್ಮ ಪ್ರವಾಹವನ್ನು ಅದರ ಮೂಲಕವೇ ನೂಕುತ್ತವೆ. ಆಗ ಅದು ವಿದ್ಯುತ್ತನ್ನು ಉತ್ಪಾದಿಸುವ ಬದಲು ನುಂಗತೊಡಗಿ, ಒಲೆಯಂತೆ ಕಾಯುತ್ತದೆ. ನಮ್ಮ ಫಲಕದ ಸುಟ್ಟ ಕಲೆಯ ಕಥೆ ಇದು. ಇದನ್ನು ತಪ್ಪಿಸಲೆಂದೇ ಫಲಕದ ಹಿಂಬದಿಯ ಪೆಟ್ಟಿಗೆಯಲ್ಲಿ ಡಯೋಡುಗಳೆಂಬ ಅಡ್ಡದಾರಿಗಳನ್ನು ಇಟ್ಟಿರುತ್ತಾರೆ. ಅಡ್ಡದಾರಿ ಇದ್ದರೂ ಒಂದು ಸಾಲಿನ ಕೋಶಗಳೆಲ್ಲ ನಷ್ಟಕ್ಕೆ ಸೇರುತ್ತವೆ. ಟ್ರೈಲರಿನ ಮಾಡಿನ ಮೇಲಿನ ಹವಾನಿಯಂತ್ರಕದ ನೆರಳು ಫಲಕದ ಒಂದು ಮೂಲೆಗೆ ಬಿದ್ದಾಗ ಆಗುವುದೂ ಇದೇ. ಆದ್ದರಿಂದ ಫಲಕ ಕೊಳ್ಳುವ ಮೊದಲು ಮಾಡಿನ ಮೇಲೆ ನೆರಳು ಬೀಳದ ಜಾಗ ಎಷ್ಟಿದೆ ಎಂದು ಬೆಳಗ್ಗೆ, ಮಧ್ಯಾಹ್ನ, ಸಂಜೆ ಅಳೆಯುವುದು ಒಳ್ಳೆಯದು.

ಇನ್ನು ಕಾವು. ಫಲಕದ ಮೇಲೆ ಬರೆದ ವಾಟುಗಳು, ಕೋಶದ ಉಷ್ಣತೆ 25 ಡಿಗ್ರಿ ಇದ್ದಾಗಿನ ಲೆಕ್ಕ. ಅಲ್ಲಿಂದ ಏರಿದ ಪ್ರತಿ ಡಿಗ್ರಿಗೂ ಶೇಕಡ 0.3ರಿಂದ 0.4ರಷ್ಟು ಶಕ್ತಿ ಇಳಿಯುತ್ತದೆ. ಬೇಸಗೆಯಲ್ಲಿ ಕೋಶ 65 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ಮಾಡಿಗೆ ಅಂಟಿಸಿದ ತೆಳುಫಲಕಕ್ಕೆ ಕೆಳಗಿನಿಂದ ಗಾಳಿಯೇ ಇಲ್ಲದ್ದರಿಂದ ಅದು ಇನ್ನೂ ಕಾಯುತ್ತದೆ. ಶಕ್ತಿ ಇಳಿಯುವುದು ತಾತ್ಕಾಲಿಕ, ಹೊದಿಕೆಯ ಪ್ಲಾಸ್ಟಿಕ್ ಸುಸ್ತಾಗುವುದು ಶಾಶ್ವತ. ತೆಳುಫಲಕಗಳಲ್ಲಿಯೂ ತರತಮವುಂಟು. ಪೆಟ್ ಎಂಬ ಅಗ್ಗದ ಹೊದಿಕೆ ಬೇಗ ಮಾಸುತ್ತದೆ, ಇ.ಟಿ.ಎಫ್.ಇ. ಎಂಬುದು ಬಿಸಿಲನ್ನು ಚೆನ್ನಾಗಿ ತಾಳುತ್ತದೆ. ಹಿಂಬದಿಯಲ್ಲಿ ತಾಮ್ರದ ಹಾಸಿರುವ ಕೋಶಗಳು ಬಿರಿದರೂ ಪ್ರವಾಹವನ್ನು ಬಿಟ್ಟುಕೊಡುವುದಿಲ್ಲ. ಮಾಡು ಕಮಾನಿನಂತೆ ಬಾಗಿದ್ದು ಬೇರೆ ಗತಿಯಿಲ್ಲದವರು ಅಂಥದನ್ನು ಆರಿಸಬಹುದು. ಮಾಡು ಚಪ್ಪಟೆಯಾಗಿದ್ದರೆ ಗಾಜಿನ ಫಲಕಕ್ಕೆ ಸಮನಾದದ್ದಿಲ್ಲ ಎಂಬುದು ನನ್ನ ಈಗಿನ ಅಭಿಪ್ರಾಯ.

ಗಾಜು ಎಂದೊಡನೆ ಒಡೆಯುತ್ತದೆಂಬ ಭಯ ಸಹಜ. ಇದು ಕಿಟಕಿಯ ಗಾಜಲ್ಲ, ಕಾಯಿಸಿ ಹಠಾತ್ತನೆ ತಣಿಸಿ ಬಲಪಡಿಸಿದ ಗಾಜು. ಸುಮಾರು 3.2 ಮಿಲಿಮೀಟರ್ ದಪ್ಪವಿರುತ್ತದೆ. ಐ.ಇ.ಸಿ. 61215 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ, 25 ಮಿಲಿಮೀಟರ್ ವ್ಯಾಸದ ಮಂಜಿನ ಗುಂಡುಗಳನ್ನು ಸೆಕೆಂಡಿಗೆ 23 ಮೀಟರ್ ವೇಗದಲ್ಲಿ ಫಲಕದ ಹನ್ನೊಂದು ಕಡೆ ಹೊಡೆದು ಪರೀಕ್ಷಿಸುತ್ತಾರೆ. ಸೊನ್ನೆಗಿಂತ 40 ಡಿಗ್ರಿ ಕೆಳಗಿನಿಂದ 85 ಡಿಗ್ರಿ ಮೇಲಿನವರೆಗೆ ಇನ್ನೂರು ಸಲ ತಣಿಸಿ ಕಾಯಿಸುತ್ತಾರೆ. 85 ಡಿಗ್ರಿಯ ಹಬೆಯಂಥ ತೇವದಲ್ಲಿ ಸಾವಿರ ಗಂಟೆ ಬೇಯಿಸುತ್ತಾರೆ. ಈ ಮಾನಕದ ಮುದ್ರೆಯಿಲ್ಲದ ಫಲಕವನ್ನು ಮುಟ್ಟಬೇಡಿ. ಆದರೆ ಈ ಪರೀಕ್ಷೆಗಳು ಮುಖ್ಯವಾಗಿ ನಿಂತ ಫಲಕವನ್ನು ಮನಸ್ಸಿನಲ್ಲಿಟ್ಟುಕೊಂಡವು ಎಂಬುದನ್ನೂ ಮರೆಯಬೇಡಿ.

ಓಡುವ ಮನೆಗೆ ದೊಡ್ಡ ಫಲಕ ಒಂದಕ್ಕಿಂತ ಚಿಕ್ಕವು ಎರಡು ಲೇಸು. ಅಗಲವಾದ ಗಾಜು ನಡುವೆ ತಮಟೆಯ ಚರ್ಮದಂತೆ ಕಂಪಿಸುತ್ತದೆ. ಚೌಕಟ್ಟು ಗಟ್ಟಿಯಾಗಿರಲಿ, ಮೂಲೆಗಳು ಬಿಗಿಯಾಗಿರಲಿ. ಎದುರುಬದುರು ಮೂಲೆಗಳನ್ನು ಹಿಡಿದು ಮೆಲ್ಲನೆ ತಿರುಚಿದರೆ ಕಿರುಗುಟ್ಟಬಾರದು. ನೂರು ವಾಟಿನ ಗಾಜಿನ ಫಲಕ ಆರೇಳು ಕಿಲೋಗ್ರಾಂ ತೂಗೀತು, ಅದನ್ನು ಟ್ರೈಲರ್ ಹೊರಬಲ್ಲ ಭಾರದ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಮಾರುವವರ ಮಾತನ್ನು ಅಳೆಯಲು ಒಂದು ಅಳತೆಪಟ್ಟಿ ಸಾಕು ಎಂದರೆ ನೀವು ನಂಬಲಿಕ್ಕಿಲ್ಲ. ನೆತ್ತಿಯ ಮೇಲಿನ ಒಳ್ಳೆಯ ಬಿಸಿಲು ಒಂದು ಚದರ ಮೀಟರಿಗೆ ಸುಮಾರು ಸಾವಿರ ವಾಟ್ ಶಕ್ತಿಯನ್ನು ಸುರಿಯುತ್ತದೆ. ಇಂದಿನ ಉತ್ತಮ ಫಲಕಗಳು ಅದರ ಶೇಕಡ 20ರಿಂದ 24ರಷ್ಟನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತವೆ. ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಫಲಕಕ್ಕೆ 200 ವಾಟ್ ಎಂದು ಚೀಟಿ ಅಂಟಿಸಿದ್ದರೆ, ಅದು ಶೇಕಡ 40ರಷ್ಟು ದಕ್ಷತೆಯನ್ನು ಹೇಳಿಕೊಂಡಂತಾಯಿತು. ಕೇವಲ ಸಿಲಿಕಾನಿನ ಕೋಶಕ್ಕೆ ಸಿದ್ಧಾಂತದ ಪರಮಾವಧಿಯೇ ಶೇಕಡ 29ರ ಸಮೀಪ. ಚೀಟಿಯಲ್ಲೇ ಸುಳ್ಳು ಬರೆದವನು ಅಂಟು, ಬೆಸುಗೆಗಳಲ್ಲಿ ಸತ್ಯವಂತನಾಗಿರುತ್ತಾನೆಯೆ?

ವಾರಂಟಿಯ ಕಾಗದವನ್ನು ಕೊನೆಯ ಸಾಲಿನವರೆಗೆ ಓದಬೇಕೆಂಬುದನ್ನು ನಾನು ಕಲಿತದ್ದು ಆ ಬೇಸಗೆಯ ಅನಂತರ. ಇಪ್ಪತ್ತೈದು ವರ್ಷ ಎಂದು ದಪ್ಪಕ್ಷರದಲ್ಲಿ ಇರುವುದು ಸಾಮಾನ್ಯವಾಗಿ ಶಕ್ತಿ ಇಂತಿಷ್ಟಕ್ಕಿಂತ ಇಳಿಯದೆಂಬ ಭರವಸೆ. ವಸ್ತುವೇ ಒಡೆದರೆ, ಬಿರಿದರೆ ಕೊಡುವ ಭರವಸೆ ಬೇರೆ, ಅದರ ಅವಧಿ ಹೆಚ್ಚಾಗಿ ಕಡಮೆ. ನಮ್ಮ ಫಲಕದ ಕಂಪನಿಗೆ ಅಳಿಯಂದಿರು ಬರೆದಾಗ, ಚಲಿಸುವ ವಾಹನದ ಮೇಲೆ ಕೂರಿಸಿದ್ದಕ್ಕೆ ವಾರಂಟಿ ಅನ್ವಯಿಸದೆಂದು ಉತ್ತರ ಬಂತು. ವಾಹನಗಳಿಗೆಂದೇ ಮಾರಿದ ಫಲಕ! ಆದರೆ ಕಾಗದದ ಬೆನ್ನಿನಲ್ಲಿ, ಸಾಸಿವೆಯಂಥ ಅಕ್ಷರಗಳಲ್ಲಿ ಆ ಮಾತು ಇದ್ದದ್ದು ನಿಜ. ಓದದವನು ನಾನು.

ಕೂರಿಸುವ ವಿಚಾರದಲ್ಲಿ ಗಾಳಿಯ ಲೆಕ್ಕವನ್ನು ಒಮ್ಮೆ ಮಾಡಿ ನೋಡೋಣ. ಗಂಟೆಗೆ 100 ಕಿಲೋಮೀಟರ್ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 470 ನ್ಯೂಟನ್, ಎಂದರೆ 48 ಕಿಲೋಗ್ರಾಂ ಭಾರ. ಒಳ್ಳೆಯ ಫಲಕವನ್ನು 2400 ನ್ಯೂಟನ್ನಿಗೆ ಪರೀಕ್ಷಿಸಿರುತ್ತಾರೆ. ಆದುದರಿಂದ ಗಾಳಿಗೆ ಫಲಕ ಮುರಿಯುವುದಿಲ್ಲ, ಕಳಚಿಕೊಳ್ಳುವುದುಂಟು. ಹೆದ್ದಾರಿಯಲ್ಲಿ ಕಳಚಿ ಹಾರಿದ ಫಲಕ ಹಿಂದೆ ಬರುವವರ ಪ್ರಾಣಕ್ಕೆ ಎರವಾದೀತು. ಅಲ್ಯುಮಿನಿಯಮ್ಮಿನ ಆಧಾರಗಳನ್ನು ಮಾಡಿನ ತೆಳು ಹಾಳೆಗಲ್ಲ, ಅದರ ಅಡಿಯ ತೊಲೆಗಳಿಗೆ ಬಿಗಿಯಬೇಕು. ಬೋಲ್ಟುಗಳು ತುಕ್ಕುಹಿಡಿಯದ ಉಕ್ಕಿನವಾಗಿದ್ದು, ಅದುರಿಗೆ ಸಡಿಲವಾಗದ ನೈಲಾನ್ ಬಳೆಯ ನಟ್ಟುಗಳಿರಬೇಕು. ಫಲಕದ ಅಡಿಯಲ್ಲಿ ಎರಡು ಬೆರಳಗಲವಾದರೂ ಗಾಳಿಗೆ ಜಾಗವಿರಲಿ. ಕೊರೆದ ಪ್ರತಿ ತೂತನ್ನೂ ಮಾಡಿನ ವಸ್ತುವಿಗೆ ಒಗ್ಗುವ ಮೇಣದಿಂದ ಮುಚ್ಚಬೇಕು, ಇಲ್ಲವಾದರೆ ಎರಡು ಮಳೆಗಾಲದಲ್ಲಿ ಒಳಗಿನ ಪ್ಲೈವುಡ್ ಕೊಳೆತು ಫಲಕದ ಉಳಿತಾಯವೆಲ್ಲ ಬಡಗಿಯ ಪಾಲಾಗುತ್ತದೆ. ತಂತಿಗಳನ್ನು ಕಟ್ಟದೆ ತೂಗಾಡಲು ಬಿಟ್ಟರೆ ಗಾಳಿಯೇ ಅವನ್ನು ಮಾಡಿಗೆ ಉಜ್ಜಿ ಸಿಪ್ಪೆ ಸುಲಿಯುತ್ತದೆ.

ಎಷ್ಟು ವಾಟ್ ಬೇಕೆಂಬುದು ಅವರವರ ಬದುಕಿಗೆ ಸೇರಿದ್ದು. ನಮ್ಮ ಫ್ರಿಜ್ಜು, ದೀಪ, ನೀರಿನ ಪಂಪು, ಫೋನುಗಳೆಲ್ಲ ಸೇರಿ ದಿನಕ್ಕೆ ಸುಮಾರು 700 ವಾಟ್-ಗಂಟೆ. 200 ವಾಟಿನ ಫಲಕ, ಐದು ಗಂಟೆಯ ಪೂರ್ಣ ಬಿಸಿಲು, ಕಾವು ಧೂಳುಗಳ ನಷ್ಟ ಶೇಕಡ 30 ಎಂದು ಹಿಡಿದರೆ ಅಷ್ಟಕ್ಕಷ್ಟೇ ಆಗುತ್ತದೆ. ಚಳಿಗಾಲದ ಮಾತು ಬೇರೆ. ಅರಿಜೋನದ ಕ್ವಾರ್ಟ್ಸ್‌ಸೈಟ್ ಎಂಬ ಮರುಭೂಮಿಯ ಊರಿಗೆ ಪ್ರತಿ ಚಳಿಗಾಲದಲ್ಲಿ ಸಾವಿರಾರು ಮಂದಿ ಇಂಥ ಮನೆಗಳೊಂದಿಗೆ ಬಂದು ಬೀಡುಬಿಡುತ್ತಾರೆ. ಅಲ್ಲಿ ಡಿಸೆಂಬರ್ 21ರ ಸುಮಾರಿಗೆ ನಡುಹಗಲಿನ ಸೂರ್ಯ ಏರುವುದು 33 ಡಿಗ್ರಿ ಮಾತ್ರ. ನಮ್ಮ ಬೆಂಗಳೂರಿನಲ್ಲಿ ಅದೇ ದಿನ 53 ಡಿಗ್ರಿ ದಾಟುತ್ತಾನೆ. ಚಪ್ಪಟೆಯಾಗಿ ಮಲಗಿದ ಫಲಕಕ್ಕೆ ಕ್ವಾರ್ಟ್ಸ್‌ಸೈಟಿನಲ್ಲಿ ದಕ್ಕುವ ನೇರ ಬಿಸಿಲು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆದುದರಿಂದ ಅಲ್ಲಿನವರು ಬೀಡುಬಿಟ್ಟೊಡನೆ ಫಲಕವನ್ನು ದಕ್ಷಿಣಕ್ಕೆ ಓರೆಯಾಗಿ ಎತ್ತಿ ನಿಲ್ಲಿಸುತ್ತಾರೆ, ಹೊರಡುವ ಮುನ್ನ ಮರೆಯದೆ ಮಲಗಿಸುತ್ತಾರೆ. ಮರೆತವರ ಫಲಕಗಳು ಆಧಾರ ಮುರಿದು ಬೀಳುತ್ತವೆ.

ನಮ್ಮ ಟ್ರೈಲರಿನ ಮೇಲೆ ಈಗಿರುವುದು ನೂರು ವಾಟಿನ ಗಾಜಿನ ಫಲಕಗಳೆರಡು, ನಾಲ್ಕು ವರ್ಷ ಹಳೆಯವು. ಪ್ರತಿ ಪ್ರವಾಸಕ್ಕೆ ಮೊದಲು ಅವನ್ನು ಒರಸಿ, ಬೋಲ್ಟುಗಳನ್ನು ಪರೀಕ್ಷಿಸುವ ಕೆಲಸವನ್ನು ನಾನು ಕೇಳಿ ಪಡೆದಿದ್ದೇನೆ. ಈ ವಯಸ್ಸಿನಲ್ಲಿ ಏಣಿ ಹತ್ತಬೇಡಿ ಅಪ್ಪ ಎಂದು ಮಗಳು ಗದರುತ್ತಾಳೆ, ಅಳಿಯಂದಿರು ಏಣಿಯನ್ನು ಹಿಡಿದುಕೊಳ್ಳುತ್ತಾರೆ. ಕಳೆದ ಸಲ ಎಂಟು ಬೋಲ್ಟುಗಳಲ್ಲಿ ಒಂದು ಮಾತ್ರ ಸ್ಪ್ಯಾನರಿಗೆ ಕಾಲುಸುತ್ತು ತಿರುಗಿತು. ಉಳಿದವು ಕದಲಲಿಲ್ಲ.