ಕಂಪೈಲರಿನ ಪರಿಷ್ಕರಣ ಘಟ್ಟದಲ್ಲಿ ಸ್ಮೃತಿಯ ಸೋರಿಕೆ

ಕಬ್ಬು ನುರಿಸುವ ಹಂಗಾಮಿನಲ್ಲಿ ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಅಂಗಳವನ್ನು ಕಂಡವರು ಒಂದು ಸಂಗತಿಯನ್ನು ಬಲ್ಲರು. ತುಂಬಿ ಬಂದ ಗಾಡಿಯು ಕಬ್ಬನ್ನು ಇಳಿಸಿ ಹೊರಹೋಗಬೇಕು. ಬರಿಗಾಡಿಗಳು ಅಂಗಳದಲ್ಲಿಯೇ ನಿಂತುಬಿಟ್ಟರೆ, ಯಂತ್ರಗಳಲ್ಲಿ ಯಾವ ದೋಷವಿಲ್ಲದಿದ್ದರೂ ಕೆಲಸವು ನಿಲ್ಲುತ್ತದೆ. ಗಣಕದ ಕಂಪೈಲರಿನಲ್ಲಿಯೂ ಇಂತಹುದೇ ದೋಷವೊಂದುಂಟು. ಪಡೆದ ಸ್ಮೃತಿಯನ್ನು, ಅಂದರೆ ಮೆಮೊರಿಯನ್ನು, ಕೆಲಸ ಮುಗಿದ ಮೇಲೂ ಹಿಂದಿರುಗಿಸದಿರುವುದೇ ಆ ದೋಷ; ಇದನ್ನು ಸ್ಮೃತಿಯ ಸೋರಿಕೆ ಎನ್ನುವರು.

ಕಂಪೈಲರು ಕ್ರಮವಿಧಿಯನ್ನು ಯಂತ್ರಭಾಷೆಗೆ ತಿರುಗಿಸುವಾಗ ನಡುವೆ ಅದನ್ನು ಚುರುಕುಗೊಳಿಸುವ ಪರಿಷ್ಕರಣವನ್ನೂ ನಡೆಸುತ್ತದೆ. ಮುಂದೆಲ್ಲಿಯೂ ಬಳಕೆಯಾಗದ ಗಣನೆಯನ್ನು ತೆಗೆದುಹಾಕುವುದು ಇದರ ಒಂದು ಬಗೆ. ಇದಕ್ಕಾಗಿ ಪ್ರತಿ ಫಂಕ್ಷನ್ನನ್ನೂ ಖಂಡಗಳಾಗಿ ವಿಂಗಡಿಸಿ, ಪ್ರತಿ ಖಂಡದ ಆದಿಯಲ್ಲಿ ಯಾವ ಯಾವ ಚರಗಳ ಬೆಲೆ ಮುಂದೆ ಬೇಕಾಗುವುದೆಂಬುದನ್ನು ಚರಕ್ಕೊಂದು ಬಿಟ್ಟಿನಂತೆ ಪಟ್ಟಿಮಾಡಬೇಕು. 500 ಖಂಡಗಳೂ 2,000 ಚರಗಳೂ ಉಳ್ಳ ಫಂಕ್ಷನ್ನೊಂದನ್ನು ಭಾವಿಸೋಣ. ಖಂಡಕ್ಕೆ 250 ಬೈಟುಗಳಂತೆ ಒಟ್ಟು 1,25,000 ಬೈಟುಗಳು ಬೇಕು. ಇಂತಹ 1,000 ಫಂಕ್ಷನ್ನುಗಳ ಪಟ್ಟಿಗಳು ಹಿಂದಿರುಗದೆ ಉಳಿದರೆ ನಷ್ಟವು 12.5 ಕೋಟಿ ಬೈಟುಗಳು.

ಸೋರಿಕೆಯು ಎಲ್ಲಿ ಅಡಗಿರುತ್ತದೆ? ಪಟ್ಟಿಯನ್ನು ಬಿಟ್ಟುಕೊಡುವ ಆಜ್ಞೆಯು ಸಾಮಾನ್ಯವಾಗಿ ಕೊನೆಯ ಸಾಲಿನಲ್ಲಿರುತ್ತದೆ. ಆದರೆ ತೆಗೆಯತಕ್ಕದ್ದು ಏನೂ ಇಲ್ಲವೆಂದು ಕಂಡೊಡನೆ ನಡುವಿನಿಂದಲೇ ಹೊರಬೀಳುವ ದಾರಿಯೊಂದಿದ್ದರೆ, ಅದು ಆ ಸಾಲನ್ನು ಮುಟ್ಟುವುದೇ ಇಲ್ಲ. ಫಲಿತಾಂಶವು ಸರಿಯಾಗಿಯೇ ಇರುವುದರಿಂದ ಸಾಮಾನ್ಯ ಪರೀಕ್ಷೆಗೆ ಈ ದೋಷವು ಕಾಣದು. 2002ರಲ್ಲಿ ಬಿಡುಗಡೆಯಾದ ವಾಲ್‌ಗ್ರೈಂಡ್‌ನಂತಹ ಸಾಧನವು ಯಾವ ಸಾಲಿನಲ್ಲಿ ಪಡೆದ ಸ್ಮೃತಿ ಉಳಿಯಿತೆಂಬುದನ್ನು ತೋರಿಸುತ್ತದೆ. ಏಕೆ ಉಳಿಯಿತೆಂಬುದನ್ನು ನಾವೇ ಅರಸಬೇಕು.

ಆ ದಾರಿಯಲ್ಲಿಯೂ ಬಿಡುಗಡೆಯ ಆಜ್ಞೆಯನ್ನು ಸೇರಿಸಿದರೆ ಸಾಲದೆ ಎಂದು ಕೇಳಬಹುದು. ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದಾಗಿ, ಚರಗಳನ್ನು ರಿಜಿಸ್ಟರುಗಳಿಗೆ ಹಂಚುವ ಮುಂದಿನ ಘಟ್ಟಕ್ಕೂ ಅದೇ ಪಟ್ಟಿಯು ಬೇಕಾಗಿರಬಹುದು. ಅವಸರದಿಂದ ಅದನ್ನು ಬಿಟ್ಟುಕೊಟ್ಟರೆ, ಕಬ್ಬು ಇಳಿಸದ ಗಾಡಿಯನ್ನು ಹೊರಗಟ್ಟಿದಂತಾಗುತ್ತದೆ. ಸೋರಿಕೆಯಿಂದ ನಷ್ಟವಾಗುವುದು ಸ್ಥಳ. ಇದರಿಂದಲಾದರೋ ಹೊರಬರುವ ಯಂತ್ರಭಾಷೆಯೇ ತಪ್ಪಾಗಬಹುದು. ಎರಡನೆಯದಾಗಿ, ನಾಳೆ ಮತ್ತೊಬ್ಬರು ಹೊರಹೋಗುವ ಹೊಸ ದಾರಿಯೊಂದನ್ನು ತೆರೆದರೆ ಸೋರಿಕೆಯು ಮರಳುತ್ತದೆ.

ಆದ್ದರಿಂದ ಪಟ್ಟಿಯ ಒಡೆತನ ಯಾರದೆಂಬುದನ್ನು ಮೊದಲು ನಿಶ್ಚಯಿಸಿ, ಅದರ ಆಯುಷ್ಯವನ್ನು ಆ ಒಡೆಯನ ಆಯುಷ್ಯಕ್ಕೆ ಕಟ್ಟಬೇಕು. 1987ರಲ್ಲಿ ಮೊದಲು ಬಿಡುಗಡೆಯಾದ ಜಿಸಿಸಿ ಕಂಪೈಲರು ಸಿ ಭಾಷೆಯಲ್ಲಿದ್ದಿತು, 2013ರ 4.8ನೆಯ ಆವೃತ್ತಿಯಿಂದ ಅದು ಸಿ ಪ್ಲಸ್ ಪ್ಲಸ್ ಭಾಷೆಯನ್ನು ಅವಲಂಬಿಸಿತು. ಆ ಬಳಿಕ ಅದರಲ್ಲಿ ಬಂದ ಆಟೋ-ಬಿಟ್‌ಮ್ಯಾಪ್ ಎಂಬ ರಚನೆಯು, ಯಾವ ದಾರಿಯಿಂದ ಹೊರಬಿದ್ದರೂ ತಾನಾಗಿಯೇ ಸ್ಮೃತಿಯನ್ನು ಬಿಟ್ಟುಕೊಡುತ್ತದೆ.

ಕಂಪೈಲರಿನ ಕೆಲಸ ಮುಗಿದೊಡನೆ ಸ್ಮೃತಿಯೆಲ್ಲವೂ ಹೇಗೂ ಮರಳುವುದರಿಂದ ಇಷ್ಟು ಶ್ರಮವೇಕೆ ಎಂಬ ಆಕ್ಷೇಪವುಂಟು. ಜಾವಾ ಕ್ರಮವಿಧಿಗಳೊಡನೆ ದಿನಗಟ್ಟಲೆ ಓಡುತ್ತಲೇ ಇರುವ ಕಂಪೈಲರುಗಳ ವಿಷಯದಲ್ಲಿ ಈ ಸಮಾಧಾನವು ಸಲ್ಲದು. ಸ್ಮೃತಿಯನ್ನು ಪಡೆಯುವ ಸಾಲನ್ನು ಬರೆಯುವಾಗಲೇ ಅದನ್ನು ಹಿಂದಿರುಗಿಸುವವರಾರೆಂದು ಕೇಳಿಕೊಳ್ಳುವುದು ವಿದ್ಯಾರ್ಥಿಗಳು ಮೊದಲು ರೂಢಿಸಿಕೊಳ್ಳತಕ್ಕ ಅಭ್ಯಾಸ.