ಐದು ರೂಪಾಯಿ ರಿಯಾಯಿತಿಯ ನಿಜವಾದ ಬೆಲೆ

ಕಿರಾಣಿ ಅಂಗಡಿಯಲ್ಲಿ ನೂರು ರೂಪಾಯಿಯ ಸಾಮಾನಿಗೆ ‘ಐದು ರೂಪಾಯಿ ಬಿಡಿ’ ಎನ್ನುವ ಗಿರಾಕಿಗೆ ಅದು ಸಣ್ಣ ಮೊತ್ತ. ಅಂಗಡಿಯವರಿಗೆ ಹಾಗಲ್ಲ. 90ಕ್ಕೆ ತಂದದ್ದನ್ನು 100ಕ್ಕೆ ಮಾರಿದರೆ ಸಿಗುವುದು 10. 95ಕ್ಕೆ ಕೊಟ್ಟರೆ ಬರೀ 5. ಮೊದಲಿನಷ್ಟೇ ಗಳಿಸಲು ಎರಡು ಪಟ್ಟು ಮಾರಬೇಕು. ಬಾಡಿಗೆ, ಕರೆಂಟು ಬಿಲ್ಲು, ಕೆಟ್ಟುಹೋದ ಸರಕು, ವಸೂಲಾಗದ ಉದ್ದರಿ ಎಲ್ಲವೂ ಆ ಹತ್ತರಲ್ಲೇ ತೀರಬೇಕು. ಹಾಗಾಗಿ ಕೇಳಿದವರಿಗೆಲ್ಲ ಬೆಲೆ ಇಳಿಸುತ್ತ ಹೋದರೆ ಅಂಗಡಿ ಉಳಿಯುವುದಿಲ್ಲ.

‘ಸೂಪರ್ ಮಾರ್ಕೆಟ್ಟಿನವರು ಕೊಡುತ್ತಾರಲ್ಲ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅವರು ಭಾರಿ ಪ್ರಮಾಣದಲ್ಲಿ, ಕಡಿಮೆ ದರಕ್ಕೆ ಕೊಳ್ಳುತ್ತಾರೆ. ಎಷ್ಟೋ ಸಲ ಆಫರಿನ ಖರ್ಚನ್ನು ತಯಾರಕರೇ ಹೊರುತ್ತಾರೆ. ಸಣ್ಣ ಅಂಗಡಿ ಕೊಡುವ ರಿಯಾಯಿತಿ ಸ್ವಂತ ಜೇಬಿನದು. ಪೊಟ್ಟಣದ ಮೇಲಿನ ಎಂಆರ್‌ಪಿ ಗರಿಷ್ಠ ಮಿತಿ. ಅದಕ್ಕಿಂತ ಕಡಿಮೆಗೆ ಮಾರಲು ಕಾನೂನಿನ ಅಡ್ಡಿಯಿಲ್ಲ, ಮಾರಲೇಬೇಕೆಂಬ ಕಟ್ಟಳೆಯೂ ಇಲ್ಲ.

‘ಇಲ್ಲ’ ಎಂದರೆ ಗಿರಾಕಿ ಕೈತಪ್ಪುತ್ತಾರೆ ಎಂಬ ಭಯ ಸಹಜ. ಆದರೆ ಜಗ್ಗಾಡಿದವರಿಗೆ ಮಾತ್ರ ಬೆಲೆ ಇಳಿಸಿದರೆ, ಮಾತಾಡದೆ ಹಣ ಕೊಟ್ಟು ಹೋಗುವ ನಂಬಿಗಸ್ತ ಗಿರಾಕಿಗೆ ಅನ್ಯಾಯವಾಗುತ್ತದೆ. ಅದು ಗೊತ್ತಾದ ದಿನ ಅವರೂ ದೂರವಾಗುತ್ತಾರೆ. ಆದ್ದರಿಂದ ರಿಯಾಯಿತಿಗೆ ನಿಯಮವಿರಲಿ: ತಿಂಗಳ ರೇಷನ್ ಒಟ್ಟಿಗೆ ಕೊಂಡವರಿಗೆ, ನಗದು ಕೊಟ್ಟವರಿಗೆ ಇಷ್ಟು ಎಂದು ಬರೆದು ತೂಗುಹಾಕಲಿ. ಉಳಿದವರಿಗೆ ನಗುತ್ತಲೇ, ಕಾರಣ ತಿಳಿಸಿ, ಇಲ್ಲವೆನ್ನಬಹುದು. ಎಲ್ಲರಿಗೂ ಒಂದೇ ನಿಯಮ ಎಂಬ ವಿಶ್ವಾಸವೇ ಸಣ್ಣ ಅಂಗಡಿಯ ದೊಡ್ಡ ಬಂಡವಾಳ.